ಕೈಗೆಟಕುವ ಶಿಲ್ಪ



ವಸ್ತುಸಂಗ್ರಹಾಲಯಗಳಲ್ಲಿ ‘ಮುಟ್ಟಬಾರದು’ ಎಂಬ ಫಲಕ ಇರಬೇಕಾದುದೇ. ಹಂಪಿಯ ವಿಜಯ ವಿಠ್ಠಲ ದೇವಾಲಯದ ಸಂಗೀತ ಸ್ತಂಭಗಳನ್ನು ಸಂದರ್ಶಕರು ತಟ್ಟದಂತೆ ನಿರ್ಬಂಧಿಸಿರುವುದೂ ಅವು ಸವೆಯಬಾರದೆಂದೇ. ಆದರೆ ಕಣ್ಣು ಕಾಣದವರಿಗೆ ಶಿಲ್ಪವನ್ನು ಅರಿಯಲು ಇರುವ ಸಾಧನ ಕೈಯೊಂದೇ.

ಈ ತೊಡಕಿಗೆ ಪರಿಹಾರವನ್ನು ಅರಸಿದವರಲ್ಲಿ ಮುಂಬಯಿಯ ಪವಾಯಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಸುಭಾಸಿಸ್ ಚೌಧುರಿ ಅವರೊಬ್ಬರು. ಖರಗ್‌ಪುರದಲ್ಲಿ ಎಂಜಿನಿಯರಿಂಗ್ ಪದವಿಯನ್ನೂ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಡಾಕ್ಟರೇಟನ್ನೂ ಪಡೆದ ಅವರು 1990ರಲ್ಲಿ ಈ ಸಂಸ್ಥೆಯನ್ನು ಸೇರಿದರು. ಮೊದಲ ವರ್ಷಗಳ ಸಂಶೋಧನೆಯು ದೃಷ್ಟಿಗೆ ಸಂಬಂಧಿಸಿದುದು; ಛಾಯಾಚಿತ್ರದ ಮಸುಕಿನ ಪ್ರಮಾಣದಿಂದಲೇ ವಸ್ತುವಿನ ದೂರವನ್ನು ಗಣಿಸುವುದು ಅದರಲ್ಲೊಂದು. 2004ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿತು. ಮುಂದೆ ಅವರ ಆಸಕ್ತಿಯು ಸ್ಪರ್ಶದತ್ತ ಹರಿಯಿತು.

ಯಾವುದೇ ಗಾತ್ರದ ಕಲಾಕೃತಿಯನ್ನು ದೃಷ್ಟಿಹೀನರೇ ಮೊದಲಾದವರಿಗೆ ಸ್ಪರ್ಶಗೋಚರವಾಗಿಸುವ ವಿಧಾನವನ್ನು ಚೌಧುರಿ ಹಾಗೂ ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಇದರಲ್ಲಿ ಶಿಲ್ಪದ ಮೇಲ್ಮೈಯು ಗಣಕಯಂತ್ರದೊಳಗೆ ಅಸಂಖ್ಯ ಬಿಂದುಗಳ ಸಮೂಹವಾಗಿರುತ್ತದೆ. ಬಳಸುವವರು ಮೋಟಾರುಗಳುಳ್ಳ ಪುಟ್ಟ ಯಂತ್ರದ ಹಿಡಿಯನ್ನು ಆಡಿಸುತ್ತಾರೆ. ಹಿಡಿಯ ಸ್ಥಾನವು ಕಲ್ಪಿತ ಶಿಲೆಯೊಳಕ್ಕೆ ನುಗ್ಗಿದರೂ ಅದರ ಪ್ರತಿನಿಧಿಯಾದ ಇನ್ನೊಂದು ಬಿಂದು ಮೇಲ್ಮೈಯಲ್ಲಿಯೇ ನಿಲ್ಲುತ್ತದೆ. ಇವೆರಡರ ಅಂತರ ಹೆಚ್ಚಿದಷ್ಟೂ ಯಂತ್ರವು ಸ್ಪ್ರಿಂಗಿನಂತೆ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಚಲನಚಿತ್ರಕ್ಕೆ ಸೆಕೆಂಡಿಗೆ 24 ಚಿತ್ರಗಳು ಸಾಕು. ಕಲ್ಲು ಕಲ್ಲಿನಂತೆಯೇ ತೋರಬೇಕಾದರೆ ಈ ಬಲವನ್ನು ಸೆಕೆಂಡಿಗೆ ಸುಮಾರು 1000 ಸಲ ಲೆಕ್ಕ ಹಾಕಬೇಕು. ತಡವಾದರೆ ಕಲ್ಲು ಮೆತ್ತಗಾಗುತ್ತದೆ, ಇಲ್ಲವೆ ಕೈಯಲ್ಲಿ ನಡುಗುತ್ತದೆ.

ಗಾತ್ರದ ಹಂತವನ್ನು ಬಳಸುವವರೇ ಆರಿಸಿಕೊಳ್ಳಬಹುದು. ಮೊದಲು ಇಡೀ ಆಕೃತಿಯನ್ನು ಸವರಿ, ಬಳಿಕ ಅದರ ಸೂಕ್ಷ್ಮ ಕೆತ್ತನೆಗೆ ಇಳಿಯಬಹುದು. ಗೋಪುರದ ಕಳಸವನ್ನು ಕಣ್ಣಿದ್ದವರೂ ಮುಟ್ಟಲಾರರಷ್ಟೆ!

ಇಂತಹ ಸ್ಪರ್ಶವನ್ನು ದೂರದ ಊರಿಗೆ ಕಳುಹಿಸುವುದು ಇನ್ನೂ ಕಠಿಣ. ಬಲದಲ್ಲಾಗುವ ವ್ಯತ್ಯಾಸವು ಮೊದಲಿನ ಬಲದ ಒಂದು ನಿರ್ದಿಷ್ಟ ಪಾಲನ್ನು ಮೀರಿದಾಗಲಷ್ಟೇ ಕೈಗೆ ತಿಳಿಯುತ್ತದೆ ಎಂಬುದು 19ನೆಯ ಶತಮಾನದ ಜರ್ಮನ್ ವಿಜ್ಞಾನಿ ವೆಬರ್ ಅವರ ಹೆಸರಿನ ನಿಯಮ. ಕೈಗೆ ತಿಳಿಯದುದನ್ನು ಕಳುಹಿಸದಿದ್ದರೆ ಜಾಲದ ಮೇಲಿನ ಹೊರೆ ತಗ್ಗುತ್ತದೆ. ಸ್ಪರ್ಶಗ್ರಹಣೆಯ ಇಂತಹ ಪ್ರಶ್ನೆಗಳನ್ನು ಕುರಿತು ಚೌಧುರಿ ಅವರು ಅಮಿತ್ ಭಾರದ್ವಾಜ್ ಅವರೊಡನೆ ಬರೆದ ಗ್ರಂಥವು 2018ರಲ್ಲಿ ಹೊರಬಂದಿತು. 2020ರಿಂದ 2024ರವರೆಗೆ ಅವರು ಸಂಸ್ಥೆಯ ನಿರ್ದೇಶಕರಾಗಿದ್ದರು.

ಈ ವಿಧಾನಕ್ಕೆ ಮಿತಿಯೂ ಉಂಟು. ಹಿಡಿಯ ಮೂಲಕ ದೊರೆಯುವುದು ಒಂದು ಬಿಂದುವಿನ ಸ್ಪರ್ಶ ಮಾತ್ರ. ಐದು ಬೆರಳುಗಳಿಂದ ಒಮ್ಮೆಲೇ ಮುಖವೊಂದನ್ನು ತಡವಿದ ಅನುಭವವಾಗಲಿ, ಕಲ್ಲಿನ ತಂಪಾಗಲಿ ಅದರಿಂದ ಸಿಗದು.