ಜಲಪಾತದ ದಾರಿಯಲ್ಲಿ ಹೆಸರಿಲ್ಲದವರು

ಥಾಯ್ ಭಾಷೆಯಲ್ಲಿ ‘ನಾಮ್’ ಎಂದರೆ ನೀರು, ‘ತೊಕ್’ ಎಂದರೆ ಬೀಳು. ಎರಡೂ ಸೇರಿದರೆ ಜಲಪಾತ. ಥಾಯ್ಲೆಂಡಿನ ಪಶ್ಚಿಮಕ್ಕಿರುವ ಕಾಂಚನಬುರಿ ಪ್ರಾಂತದ ಒಂದು ರೈಲು ನಿಲ್ದಾಣಕ್ಕೆ ಇದೇ ಹೆಸರು. ರೈಲು ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಬರ್ಮಾದತ್ತ ಸಾಗುತ್ತಿದ್ದ ಹಳಿಗಳನ್ನು ಯುದ್ಧದ ತರುವಾಯ ಕಿತ್ತುಹಾಕಿದರು. ಇಷ್ಟು ಸೊಗಸಾದ ಹೆಸರಿನ ನಿಲ್ದಾಣಕ್ಕೆ ಬಂದು ನಿಲ್ಲುವ ಆ ದಾರಿಯನ್ನು ಲೋಕವು ‘ಮರಣದ ರೈಲುದಾರಿ’ ಎಂದು ಕರೆಯುತ್ತದೆ.

ಬೆನ್ನಿಗೊಂದು ಚೀಲ ಏರಿಸಿಕೊಂಡು ದೇಶ ಸುತ್ತುವ ತರುಣರಿಗೆ ಕಾಂಚನಬುರಿ ಮೆಚ್ಚಿನ ತಾಣ. ಬ್ಯಾಂಕಾಕಿನಿಂದ ಸುಮಾರು 130 ಕಿಲೋಮೀಟರು ದೂರ. ಅಲ್ಲಿ ದಿನಬಾಡಿಗೆಗೆ ಸ್ಕೂಟರು ಸಿಗುತ್ತದೆ. ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ಸಾಗುವುದರಿಂದ ನಮ್ಮವರಿಗೆ ಅನುಕೂಲವೂ ಹೌದು. ನಾನು ಹೋದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹಿಂದೆ ಕುಳಿತು. ಬಸ್ಸಿನಲ್ಲಿ ಹೋಗುವವನಿಗೆ ಊರುಗಳು ಕಿಟಕಿಯಾಚೆಗೆ ಸರಿದುಹೋಗುತ್ತವೆ. ಸ್ಕೂಟರಿನ ಮೇಲಿರುವವನು ಬೇಕೆಂದಲ್ಲಿ ನಿಲ್ಲಬಲ್ಲ. ಆ ದಾರಿಯಲ್ಲಿ ನಿಲ್ಲಬೇಕಾದ ಸ್ಥಳಗಳು ಬಹಳ.

ಮೊದಲು ಜಲಪಾತವನ್ನೇ ಹೇಳುತ್ತೇನೆ. ಅದರ ಹೆಸರು ಎರಾವಣ್; ಅಂದರೆ ನಮ್ಮ ಐರಾವತವೇ. ಥಾಯ್ ಜನರ ಕಲ್ಪನೆಯಲ್ಲಿ ಇಂದ್ರನ ಆ ಆನೆಗೆ ಮೂರು ತಲೆ. ನೀರು ಏಳು ಹಂತಗಳಲ್ಲಿ ಇಳಿಯುತ್ತದೆ. ಏಳನೆಯ ಹಂತದ ಬಂಡೆಯಲ್ಲಿ ಜನ ಆ ಮೂರು ತಲೆಗಳನ್ನು ಕಾಣುತ್ತಾರೆ. ಸುಣ್ಣಕಲ್ಲಿನ ಬೆಟ್ಟವಾದ್ದರಿಂದ ನೀರಿಗೆ ತಿಳಿನೀಲಿಯ ಬಣ್ಣ. ನೀರಿನಲ್ಲಿ ಕರಗಿದ ಸುಣ್ಣ ಅಂಚಂಚಿಗೆ ಕಟ್ಟಿಕೊಂಡು ಮೆಟ್ಟಿಲುಗಳಾಗಿವೆ. ಕೊಳದಲ್ಲಿ ಕಾಲಿಳಿಬಿಟ್ಟರೆ ಮೀನುಗಳು ಬಂದು ಕಚಗುಳಿಯಿಡುತ್ತವೆ. ಸಾವಿರಾರು ವರ್ಷ ಅವಸರವಿಲ್ಲದೆ ನಡೆದ ಕೆಲಸವದು.

ಪಕ್ಕದ ಕ್ವಾಯ್ ನೋಯ್ ನದಿಯ ಕಣಿವೆಯಲ್ಲಿ ನಡೆದದ್ದು ಅವಸರದ ಕೆಲಸ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾವನ್ನು ಗೆದ್ದ ಜಪಾನೀ ಸೈನ್ಯಕ್ಕೆ ಸಮುದ್ರದ ಮೂಲಕ ಸಾಮಗ್ರಿ ಸಾಗಿಸುವುದು ಅಪಾಯವಾಗಿತ್ತು. ಆದ್ದರಿಂದ ಕಾಡು ಬೆಟ್ಟಗಳ ನಡುವೆ 415 ಕಿಲೋಮೀಟರಿನ ರೈಲುದಾರಿಯನ್ನು 1942ರಲ್ಲಿ ಆರಂಭಿಸಿ 1943ರ ಅಕ್ಟೋಬರಿನಲ್ಲಿ ಮುಗಿಸಿದರು. ‘ಹೆಲ್‌ಫೈರ್ ಪಾಸ್’ ಎಂಬಲ್ಲಿ ಬೆಟ್ಟವನ್ನೇ ಸೀಳಬೇಕಾಯಿತು. ರಾತ್ರಿ ಪಂಜು ಮತ್ತು ಬೆಂಕಿಯ ಬೆಳಕಿನಲ್ಲಿ ದುಡಿಯುತ್ತಿದ್ದ ಎಲುಬುಗೂಡಿನಂಥ ಮನುಷ್ಯರ ನೋಟ ನರಕಾಗ್ನಿಯಂತಿತ್ತೆಂದು ಸೆರೆಯಾಳುಗಳು ಇಟ್ಟ ಹೆಸರದು. ಬಂಡೆಯ ಮೈಮೇಲೆ ಕೊರೆದ ಗುರುತುಗಳು ಇಂದಿಗೂ ಇವೆ. 1998ರಲ್ಲಿ ಆಸ್ಟ್ರೇಲಿಯಾ ಸರಕಾರ ಅಲ್ಲೊಂದು ವಸ್ತುಸಂಗ್ರಹಾಲಯವನ್ನು ತೆರೆಯಿತು.

ದುಡಿದ ಯುದ್ಧಕೈದಿಗಳು ಸುಮಾರು 60,000. ಸತ್ತವರು 12,000ಕ್ಕೂ ಹೆಚ್ಚು. ಕಾಂಚನಬುರಿಯ ಯುದ್ಧ ಸ್ಮಶಾನದಲ್ಲಿ ಸುಮಾರು 7000 ಸಮಾಧಿಗಳು ಸಾಲುಸಾಲಾಗಿವೆ. ಕಂಚಿನ ಫಲಕಗಳ ಮೇಲೆ ಹೆಸರು, ವಯಸ್ಸು, ಇಪ್ಪತ್ತೆರಡು, ಇಪ್ಪತ್ತಾರು. ಓದುತ್ತಾ ಹೋದರೆ ಮನಸ್ಸು ಭಾರವಾಗುತ್ತದೆ.

ಆದರೆ ಇವರೊಡನೆ ಏಷ್ಯಾದ ಕೂಲಿಗಳೂ ಇದ್ದರು. ಬರ್ಮೀಯರು, ಜಾವಾದವರು, ಮಲಯಾದ ರಬ್ಬರ್ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳರು. ಕೆಲವರನ್ನು ಕೂಲಿಯ ಆಸೆ ತೋರಿಸಿ ಕರೆತಂದರು, ಕೆಲವರನ್ನು ಹಿಡಿದು ತಂದರು. ಇತಿಹಾಸಕಾರರ ಅಂದಾಜಿನಂತೆ ಅವರ ಸಂಖ್ಯೆ 1,80,000ಕ್ಕೂ ಹೆಚ್ಚು, ಸತ್ತವರು 90,000ದಷ್ಟು. ಸೈನಿಕರಿಗೆ ತಮ್ಮವರೇ ಆದ ವೈದ್ಯರಿದ್ದರು, ಸತ್ತವರ ಪಟ್ಟಿ ಬರೆದಿಡುವ ಅಧಿಕಾರಿಗಳಿದ್ದರು. ಕಾಲರಾ ಬಂದಾಗ ಕೂಲಿಗಳಿಗೆ ಈ ಎರಡೂ ಇರಲಿಲ್ಲ. ಪಟ್ಟಿಯಿಲ್ಲದ್ದರಿಂದಲೇ ಅವರ ಸಾವು ಅಂದಾಜಿನ ಲೆಕ್ಕವಾಗಿ ಉಳಿದಿದೆ.

ಇಲ್ಲಿ ಸಾಹಿತ್ಯಾಸಕ್ತರು ಗಮನಿಸಬೇಕಾದ ಒಂದು ಸಂಗತಿಯುಂಟು. ಪಿಯರ್ ಬೂಲ್ 1952ರಲ್ಲಿ ಬರೆದ ಕಾದಂಬರಿಯೂ 1957ರ ಚಲನಚಿತ್ರವೂ ಕ್ವಾಯ್ ನದಿಯ ಸೇತುವೆಯನ್ನು ಜಗತ್ಪ್ರಸಿದ್ಧಗೊಳಿಸಿದವು. ಚಿತ್ರೀಕರಣ ನಡೆದದ್ದು ಸಿಂಹಳದಲ್ಲಿ. ಕಾಂಚನಬುರಿಯ ನಿಜವಾದ ಸೇತುವೆಯ ಕೆಳಗೆ ಹರಿಯುತ್ತಿದ್ದುದು ಮೇ ಕ್ಲಾಂಗ್ ನದಿ. ಪ್ರವಾಸಿಗಳು ಕ್ವಾಯ್ ಎಲ್ಲಿ ಎಂದು ಕೇಳತೊಡಗಿದ್ದರಿಂದ 1960ರ ಸುಮಾರಿಗೆ ನದಿಯ ಆ ಭಾಗಕ್ಕೆ ಕ್ವಾಯ್ ಯಾಯ್ ಎಂದು ಹೆಸರನ್ನೇ ಬದಲಿಸಿದರು! ಒಂದು ಕಥೆಗೆ ನದಿಯ ಹೆಸರನ್ನು ಬದಲಿಸುವಷ್ಟು ಶಕ್ತಿಯಿದೆ. ಆದರೆ ಆ ಕಥೆಯ ನಾಯಕರೆಲ್ಲ ಸೈನ್ಯಾಧಿಕಾರಿಗಳು. ಕೂಲಿಗಳ ಕಥೆ ಅದರಲ್ಲಿಲ್ಲ. ಕಥೆಯೊಳಗೆ ಬಾರದವರು ನೆನಪಿನಿಂದಲೂ ಜಾರಿಹೋದರು.

2023ರಲ್ಲಿ ಕಾಂಚನಬುರಿಯ ಒಂದು ಬೌದ್ಧ ವಿಹಾರದ ಆವರಣದಲ್ಲಿ ಈ ತಮಿಳು ಕೂಲಿಗಳ ಸ್ಮರಣೆಗೆ ಒಂದು ‘ನಡುಕಲ್’ ನಿಲ್ಲಿಸಿದರು. ನಡುಕಲ್ ಎಂದರೆ ನೆಟ್ಟ ಕಲ್ಲು. ನಮ್ಮ ‘ನೆಡು’ ಎಂಬ ಧಾತುವೇ ಅದರಲ್ಲಿದೆ. ನಮ್ಮ ವೀರಗಲ್ಲುಗಳ ಬಳಗದ್ದು. ತುರುಗಳನ್ನು ಬಿಡಿಸಲು ಹೋರಾಡಿ ಮಡಿದವನಿಗೆ, ಊರಿಗಾಗಿ ಸತ್ತವನಿಗೆ ನಮ್ಮ ಹಿರಿಯರು ಕಲ್ಲು ನೆಟ್ಟರು. ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುವಂತೆ ಕೆತ್ತಿದರು. ಈ ಕೂಲಿಗಳು ಕತ್ತಿ ಹಿಡಿದವರಲ್ಲ, ಯಾರೊಡನೆಯೂ ಯುದ್ಧ ಮಾಡಿದವರಲ್ಲ. ಪರರ ಯುದ್ಧಕ್ಕಾಗಿ ಮಣ್ಣು ಹೊತ್ತು ಸತ್ತವರು. ಅವರಿಗೂ ವೀರಗಲ್ಲು ಸಲ್ಲುತ್ತದೆಂದು ಎಂಬತ್ತು ವರ್ಷಗಳ ಮೇಲೆ ಒಪ್ಪಿಕೊಂಡದ್ದು ಆ ಪ್ರಾಚೀನ ಪದದ ಅರ್ಥವನ್ನು ಹಿಗ್ಗಿಸಿದಂತೆ ಎಂದು ನನಗೆ ತೋರುತ್ತದೆ.

ಆ ಕಡೆಗೆ ಹೋಗುವ ಎಳೆಯರು ಐರಾವತದ ಏಳು ಹಂತವನ್ನೂ ಹತ್ತಲಿ, ನೀರಿನಲ್ಲಿ ಆಡಲಿ. ಹಿಂದಿರುಗುವಾಗ ಸ್ಕೂಟರನ್ನು ಆ ಕಲ್ಲಿನ ಬಳಿ ಸ್ವಲ್ಪ ಹೊತ್ತು ನಿಲ್ಲಿಸಲಿ. ಅಲ್ಲಿ ನೆನೆಯಬೇಕಾದವರ ಹೆಸರು ನಮಗೆ ಗೊತ್ತಿಲ್ಲ; ಆದರೆ ಅವರಾಡುತ್ತಿದ್ದ ಮಾತು ನಮ್ಮ ಮಾತಿಗೆ ತೀರ ಹತ್ತಿರದ ನಂಟಿನದು.