ಅವ್ವನ ಲೈಟು ಮತ್ತು ತಂತಿಯೊಳಗಿನ ಗದ್ದಲ



ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ನಾನು ಔರಾದಿನ ನಮ್ಮ ಮನೆಯ ಒಂದು ಲೈಟಿನ ಮುಂದೆ ಸೋತ ಕತೆ ಹೇಳುತ್ತೇನೆ. ಅವ್ವನಿಗೆ ಮೊಣಕಾಲು ನೋವು. ರಾತ್ರಿ ಹಿತ್ತಲಿಗೆ ಹೋಗಬೇಕಾದರೆ ಕತ್ತಲಲ್ಲೇ ಅಂಗಳ ದಾಟಿ ಸ್ವಿಚ್ ಒತ್ತಬೇಕು. ಮಂಚದ ಪಕ್ಕದಿಂದಲೇ ಲೈಟು ಹತ್ತಲೆಂದು, ಕರೆಂಟಿನ ತಂತಿಯಲ್ಲೇ ಸಂದೇಶ ಕಳಿಸುವ ಎಕ್ಸ್-10 ಸಾಧನ ಕೂಡಿಸಿದೆ. ಗೋಡೆ ಒಡೆಯುವ ಕೆಲಸವಿಲ್ಲ.

ನಮ್ಮ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ದಾಟುತ್ತದೆ. ಆ ಕ್ಷಣದಲ್ಲಿ 120 ಕಿಲೋಹರ್ಟ್ಸಿನ ಸಣ್ಣ ಮಿಡಿತ ಕಳಿಸುವುದು ಇದರ ಕ್ರಮ. ಹಗಲು ಸರಿಯಿತ್ತು, ರಾತ್ರಿ ಕೈಕೊಟ್ಟಿತು. ಅವ್ವ ಕತ್ತಲಲ್ಲಿ ಎಡವಿದಳು. ಸಾಧನವೇ ಕೆಟ್ಟಿದೆ ಎಂದು ನಾನು ಎರಡು ದಿನ ಬಿಚ್ಚಿ ಜೋಡಿಸಿದೆ.

"ಮಿಕ್ಸರ್ ಹಚ್ಚಿದ್ರ ರೇಡಿಯೋ ಗರಗರ ಅಂತಿತ್ತಲ್ಲ ತಮ್ಮಾ?" ಅಂದಳು ಅವ್ವ. ಕಲಬುರಗಿ ಆಕಾಶವಾಣಿ ಕೇಳಿ ಬೆಳೆದವರಿಗೆ ಆ ಗರಗರ ಗೊತ್ತು. ಬಿಇ ಓದಿದವನಿಗೆ ಹೊಳೆದಿರಲಿಲ್ಲ!

ಒಮ್ಮೆಗೆ ಒಂದನ್ನೇ ಬದಲಿಸಿ ನೋಡು ಎಂದು ಇದೇ ಶಾಲೆಯ ವಿಜ್ಞಾನದ ಸರ್ ಹೇಳುತ್ತಿದ್ದರು. ಒಂದೊಂದೇ ಪ್ಲಗ್ ಕಿತ್ತೆ. ಟಿವಿ ಅಲ್ಲ, ಫ್ರಿಜ್ ಅಲ್ಲ. ರಾತ್ರಿ ಮಾತ್ರ ಹಚ್ಚುತ್ತಿದ್ದ ಮೊಬೈಲ್ ಚಾರ್ಜರ್. ನಾನೇ ಫುಟ್‌ಪಾತಿನಲ್ಲಿ ಕೊಂಡು ತಂದಿದ್ದು. ಇಂಥವು ಒಳಗೆ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸುತ್ತವೆ. ಅಗ್ಗದ್ದರಲ್ಲಿ ಫಿಲ್ಟರ್ ಸರಿಯಿರದಿದ್ದರೆ ಆ ಗದ್ದಲವೆಲ್ಲ ತಂತಿಗೆ ಬರುತ್ತದೆ. ಅದನ್ನು ಕಿತ್ತೊಡನೆ ಲೈಟು ಹತ್ತಿತು. ಮರುದಿನ ಬೀದರಿಗೆ ಹೋಗಿ ಒಳ್ಳೆಯ ಚಾರ್ಜರ್ ತಂದೆ.

"ಕರೆಂಟೇ ಹೋದ್ರ?" ಅಂದಳು ಅವ್ವ. ಟಾರ್ಚು ಈಗಲೂ ದಿಂಬಿನ ಕೆಳಗೇ ಇದೆ.