ಕೆಂಗೇರಿಯ ಹೊಳೆ ಹೇಳುವ ಪಾಠ

(ಯಾದಗಿರಿ ಜಿಲ್ಲೆಯ ಕೊಂಕಲ್‌ನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟವರಿಗೆ ನಗರದ ನಡುವಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಕೆಂಗೇರಿ ಸಿಗುತ್ತದೆ. ಒಂದು ಕಾಲಕ್ಕೆ ಅದು ಕೆರೆ, ತೋಟ, ಹೊಲಗಳ ನಡುವಿನ ಸ್ವತಂತ್ರ ಊರು. ಮೈಸೂರು ರಸ್ತೆ ಮತ್ತು ರೈಲುಮಾರ್ಗ ಅದನ್ನು ನಗರದ ಸಮೀಪಕ್ಕೆ ತಂದವು. ಬಳಿಕ ಉಪನಗರವೆಂಬ ಹೆಸರಿನಲ್ಲಿಯೇ ಬಡಾವಣೆ ಬೆಳೆಯಿತು. 2007ರಲ್ಲಿ ಕೆಂಗೇರಿ ಪುರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2021ರ ಆಗಸ್ಟಿನಲ್ಲಿ ಮೆಟ್ರೊ ರೈಲು ಅಲ್ಲಿಗೆ ತಲುಪಿತು. ಇಂದು ಅಲ್ಲಿ ವಸತಿ ಸಮುಚ್ಚಯಗಳಿವೆ, ಕಾಲೇಜುಗಳಿವೆ, ಆಸ್ಪತ್ರೆಗಳಿವೆ. ಇವೆಲ್ಲದರ ಪಕ್ಕದಲ್ಲಿ ಒಂದು ನದಿಯೂ ಇದೆ. ಅದರ ಹೆಸರು ವೃಷಭಾವತಿ.

ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟಿದಳೆಂಬ ಐತಿಹ್ಯದಿಂದ ನದಿಗೆ ಈ ಹೆಸರು ಬಂದಿದೆ. ನಗರದ ಪಶ್ಚಿಮ ಭಾಗದ ಇಳಿಜಾರಿನ ನೀರನ್ನೆಲ್ಲ ಕೂಡಿಕೊಂಡು ಅದು ನಾಯಂಡಹಳ್ಳಿ, ಕೆಂಗೇರಿಗಳನ್ನು ಹಾದು ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿಯಲ್ಲಿ ಬೆರೆತು, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬೆಂಗಳೂರು ಕುಡಿಯುವ ನೀರಿನಲ್ಲಿ ಬಹುಪಾಲು ಅದೇ ಕಾವೇರಿಯದು. 1974ರಿಂದ ಆ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪುಗಳ ಬಲದಿಂದ ಮೇಲೆತ್ತಿ ತರಲಾಗುತ್ತಿದೆ. ನಗರವು ಕಾವೇರಿಯಿಂದ ತಿಳಿನೀರು ಪಡೆದು, ಅದರಲ್ಲೊಂದು ಪಾಲನ್ನು ವೃಷಭಾವತಿಯ ಮೂಲಕ ಕಪ್ಪುನೀರಾಗಿ ಕಾವೇರಿಗೇ ಹಿಂದಿರುಗಿಸುತ್ತಿದೆ.

ಲೆಕ್ಕ ಸರಳವಾಗಿದೆ. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರಿ ಮಾನದಂಡ. ಅದರಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಐದು ಜನರ ಒಂದು ಮನೆಯಿಂದ ದಿನಕ್ಕೆ 540 ಲೀಟರ್. ಸಾವಿರ ಮನೆಗಳ ಬಡಾವಣೆಯಿಂದ 5 ಲಕ್ಷ 40 ಸಾವಿರ ಲೀಟರ್. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಸೊರಗಬೇಕಿದ್ದ ಹೊಳೆ ಈಗ ವರ್ಷವಿಡೀ ಹರಿಯುವುದು ಈ ಕಾರಣದಿಂದಲೇ. ಮೈಸೂರು ರಸ್ತೆಯಲ್ಲಿ, ಮೈಲಸಂದ್ರದಲ್ಲಿ ಶುದ್ಧೀಕರಣ ಘಟಕಗಳಿವೆ. ಆದರೆ ಒಳಚರಂಡಿಯ ಜಾಲಕ್ಕೆ ಸೇರದ ಕೊಳಚೆ, ಮಳೆನೀರಿನ ಕಾಲುವೆಗಿಳಿದ ಕೊಳಚೆ ಆ ಘಟಕಗಳನ್ನು ತಲುಪುವುದೇ ಇಲ್ಲ.

ನದಿಗೆ ತನ್ನನ್ನು ತಾನೇ ಶುದ್ಧಗೊಳಿಸಿಕೊಳ್ಳುವ ಶಕ್ತಿಯಿದೆ. ಆ ಶಕ್ತಿಗೆ ಮಿತಿಯೂ ಇದೆ. 25 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕವಷ್ಟೇ ಕರಗಬಲ್ಲದು. ಒಂದು ಲೀಟರ್ ಹಸಿ ಕೊಳಚೆಯನ್ನು ಸೂಕ್ಷ್ಮಜೀವಿಗಳು ಜೀರ್ಣಿಸಲು 200ರಿಂದ 300 ಮಿಲಿಗ್ರಾಂ ಆಮ್ಲಜನಕ ಬೇಕು. ಆದಾಯಕ್ಕೂ ಖರ್ಚಿಗೂ ಇಷ್ಟು ಅಂತರವಿರುವ ಮನೆ ದಿವಾಳಿಯಾಗದೆ ಉಳಿಯದು. ಆಮ್ಲಜನಕ ಮುಗಿದ ನೀರಿನಲ್ಲಿ ಮೀನು ಸಾಯುತ್ತದೆ, ಬಣ್ಣ ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಹೊಳೆಯ ಬದಿಯ ಮನೆಗಳು ಕಿಟಕಿ ಮುಚ್ಚಿಕೊಂಡಿರುವುದು ಅದಕ್ಕಾಗಿ.

ಕಿಟಕಿ ಮುಚ್ಚಿಕೊಳ್ಳಲಾಗದವನು ಕೆಳಹರಿವಿನ ರೈತ. 1940ರ ದಶಕದಲ್ಲಿ ನೀರಾವರಿಗಾಗಿ ಕಟ್ಟಿದ ಬೈರಮಂಗಲದ ಕೆರೆ ಇಂದು ನಗರದ ಕೊಳಚೆ ನಿಲ್ಲುವ ಹೊಂಡವಾಗಿದೆ. ಕೆಳಗಿನ ಹೊಲಗಳಿಗೆ ಬೇಸಿಗೆಯಲ್ಲಿಯೂ ನೀರು ಬರುತ್ತದೆ. ಅದರಲ್ಲಿ ಸಾರಜನಕವೂ ರಂಜಕವೂ ಇರುವುದರಿಂದ ಗೊಬ್ಬರದ ಖರ್ಚು ಇಳಿಯುತ್ತದೆ. ಭತ್ತ, ತರಕಾರಿಗಳ ಜಾಗಕ್ಕೆ ಹಿಪ್ಪುನೇರಳೆ, ಮೇವಿನ ಹುಲ್ಲು, ಬೇಬಿ ಕಾರ್ನ್ ಬಂದಿವೆ. ಆದ್ದರಿಂದ ಆ ರೈತನನ್ನು ಕೇವಲ ನೊಂದವನೆಂದು ಕರೆದರೆ ಅರ್ಧಸತ್ಯವಾದೀತು. ಅವನಿಗೆ ನೀರು ಬೇಕು, ಅದರೊಳಗಿನ ವಿಷ ಬೇಡ. ಮನೆಯ ಕೊಳಚೆಯನ್ನು ಸಂಸ್ಕರಿಸಿ ಗೊಬ್ಬರದ ನೀರಾಗಿಸಬಹುದು. ಕಾರ್ಖಾನೆಗಳ ಕ್ಯಾಡ್ಮಿಯಂ, ಸೀಸ, ಕ್ರೋಮಿಯಂಗಳು ಅದರಲ್ಲಿ ಬೆರೆತರೆ ಮಣ್ಣಿನಲ್ಲಿ ಕೂಡಿಕೊಳ್ಳುತ್ತ ಹೋಗುತ್ತವೆ. ಅವನ್ನು ಯಾವ ಸೂಕ್ಷ್ಮಾಣುವೂ ತಿಂದು ಕರಗಿಸಲಾರದು. ಕ್ಯಾಡ್ಮಿಯಂ ಸೊಪ್ಪಿನ ಎಲೆಗಳಿಗೆ ಸುಲಭವಾಗಿ ಏರುತ್ತದೆ.

ಕೊಂಕಲ್‌ನವರಿಗೆ ಕೆಂಗೇರಿಯ ಈ ಕಥೆಯೇಕೆ ಎಂದು ಕೇಳಬಹುದು. ಮೊದಲನೆಯದಾಗಿ, ಬೆಂಗಳೂರಿನ ಅಂಚಿನಲ್ಲಿ ಏಳುವ ಕಟ್ಟಡಗಳಿಗೆ ಇಟ್ಟಿಗೆ ಹೊರುವವರಲ್ಲಿ ಯಾದಗಿರಿ, ಶಹಾಪುರ, ಸುರಪುರಗಳಿಂದ ಗುಳೆ ಹೋದವರೂ ಇದ್ದಾರೆ. ಬಾಡಿಗೆ ಕಡಿಮೆಯಿರುವ ಜಾಗವೆಂದರೆ ಸಾಮಾನ್ಯವಾಗಿ ನಾಲೆಯ ದಂಡೆಯೇ. ಅವರ ತಗಡಿನ ಜೋಪಡಿಗೆ ಮಳೆಗಾಲದಲ್ಲಿ ಮೊದಲು ನುಗ್ಗುವುದು ಆ ನಾಲೆಯ ನೀರೇ.

ಎರಡನೆಯದಾಗಿ, ಈ ಸೀಮೆಯೂ ಮಹಾನಗರವೊಂದರ ಕೆಳಹರಿವಿನಲ್ಲಿದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆಗೆ ಪುಣೆಯನ್ನು ಹಾದುಬಂದ ಮುಳಾ–ಮುಠಾ ಸೇರುತ್ತದೆ. ಆ ನೀರು ಉಜನಿ ಜಲಾಶಯದಲ್ಲಿ ನಿಂತು, ಸೊಲ್ಲಾಪುರ, ಕಲಬುರಗಿಗಳ ಸೀಮೆ ದಾಟಿ ಯಾದಗಿರಿಯ ಮಗ್ಗುಲಲ್ಲಿ ಹರಿದು ಕೃಷ್ಣೆಯನ್ನು ಕೂಡುತ್ತದೆ. ದೂರವೂ ಜಲಾಶಯವೂ ಕೊಳಚೆಯನ್ನು ಒಂದಷ್ಟು ಪಳಗಿಸುತ್ತವೆ, ನಿಜ. ಆದರೆ ಬೇಸಿಗೆಯಲ್ಲಿ ಹರಿವು ಕುಗ್ಗಿದಾಗ ಆ ಭರವಸೆಯೂ ಕುಗ್ಗುತ್ತದೆ.

ಮೂರನೆಯದು ಮಲೆನಾಡಿನವರಿಗೂ ಬಯಲುಸೀಮೆಯವರಿಗೂ ಸಮಾನವಾದ ಮಾತು. ಪ್ರತಿ ಊರಿನ ಕೆಳಗೂ ಇನ್ನೊಂದು ಊರಿರುತ್ತದೆ. ಪೇಟೆಯ ಚರಂಡಿ ಹಳ್ಳಕ್ಕೆ ಸೇರುವ ಜಾಗ, ಔಷಧಿ ಹೊಡೆದ ಪಂಪನ್ನು ಕಾಲುವೆಯಲ್ಲಿ ತೊಳೆಯುವ ಜಾಗ ಒಂದೊಂದೂ ಸಣ್ಣ ಕೆಂಗೇರಿಯೇ.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಒಮ್ಮೆ ಹಳ್ಳದ ಹಾಗೂ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಬೇಕು. ಕಾರ್ಖಾನೆಯ ನೀರು ಮನೆಯ ಕೊಳಚೆಯೊಡನೆ ಬೆರೆಯದಂತೆ ಆರಂಭದಲ್ಲಿಯೇ ಪಟ್ಟು ಹಿಡಿಯಬೇಕು. ಅನುಮಾನದ ನೀರಿನಲ್ಲಿ ಸೊಪ್ಪು, ಗಡ್ಡೆ ಬೆಳೆಯದಿರುವುದು ಲೇಸು. ವಿದ್ಯಾರ್ಥಿಗಳು ತಮ್ಮೂರಿನ ಹಳ್ಳದ ದಾರಿಯನ್ನು ಒಮ್ಮೆ ನಡೆದು ನೋಡಿ, ಅದಕ್ಕೆ ಎಲ್ಲೆಲ್ಲಿ ಏನೇನು ಸೇರುತ್ತಿದೆಯೆಂದು ಬರೆದಿಡಲಿ.

ವೃಷಭಾವತಿಯ ದಂಡೆಯಲ್ಲಿ ಈ ಎಚ್ಚರ ಮೂಡುವ ಹೊತ್ತಿಗೆ ಹೊಳೆ ನಾಲೆಯಾಗಿತ್ತು, ಅದರ ಪಕ್ಕದ ಜನ ಅದನ್ನು ಹೊಳೆಯೆಂದು ಕರೆಯುವುದನ್ನೇ ಬಿಟ್ಟಿದ್ದರು. ಕೃಷ್ಣೆ–ಭೀಮೆಯರ ಈ ನಾಡಿನಲ್ಲಿ ಹಳ್ಳಗಳಿಗೆ ಇನ್ನೂ ಅವುಗಳ ಹೆಸರು ಉಳಿದಿದೆ. ಆ ಹೆಸರು ಉಳಿದಿರುವಾಗಲೇ ಕೆಲಸ ಆರಂಭವಾಗಲಿ.